ಕಲ್ಲು ಸೂಸುವ ಬೆಳಕು ಮತ್ತು ಕಾಲನಿರ್ಣಯ

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ಕೆರೆಯ ಏರಿಯನ್ನು ನೋಡಲೆಂದು ನಾವು ಒಮ್ಮೆ ವಿದ್ಯಾರ್ಥಿಗಳೊಡನೆ ಹೋಗಿದ್ದೆವು. ಕೆರೆಕಟ್ಟೆಗಳ ಚರಿತ್ರೆಯನ್ನು ಪಾಠ ಹೇಳುವವರು ಒಮ್ಮೆಯಾದರೂ ಏರಿಯ ಮೇಲೆ ನಡೆದು ತೂಬು, ಕೋಡಿ, ಕಲ್ಲುಕಟ್ಟಣೆಗಳನ್ನು ಕಣ್ಣಾರೆ ತೋರಿಸಬೇಕೆಂಬುದು ನಮ್ಮ ಅಭಿಮತ. ಲಿಪಿಯಿಂದ ಶಾಸನದ ಕಾಲವನ್ನೂ ಕಟ್ಟಣೆಯ ರೀತಿಯಿಂದ ಕಟ್ಟಡದ ಕಾಲವನ್ನೂ ಊಹಿಸುವ ಕ್ರಮವನ್ನು ವಿವರಿಸುತ್ತಿರುವಾಗ, ಒಬ್ಬ ವಿದ್ಯಾರ್ಥಿನಿ ಏರಿಗೆ ಹೊದಿಸಿದ ಕಲ್ಲೊಂದರ ಮೇಲೆ ಕೈಯಿಟ್ಟು, "ಕಟ್ಟೆಯ ಕಾಲ ತಿಳಿಯಿತು ಸರ್, ಈ ಕಲ್ಲಿನ ಕಾಲ ಯಾವುದು?" ಎಂದು ಕೇಳಿದಳು. "ಕೋಟ್ಯಂತರ ವರ್ಷಗಳದು" ಎಂದು ಹೇಳಿ ನಾವು ಮುಂದೆ ನಡೆದೆವು. ಉತ್ತರ ಪತ್ರಿಕೆಯಲ್ಲಿ "ಪುರಾತನ ಕಾಲದ್ದು" ಎಂದು ಬರೆದವರಿಗೆ ನಾವು ಅಂಕ ಕೊಡುವುದಿಲ್ಲ. ನಮ್ಮ ಉತ್ತರ ಅದಕ್ಕಿಂತ ಉತ್ತಮವಾದುದೇನೂ ಆಗಿರಲಿಲ್ಲ.

ಆ ಪ್ರಶ್ನೆಗೆ ತಕ್ಕ ಉತ್ತರವನ್ನು ಹುಡುಕುತ್ತ ಹೋದಾಗ, ನಮ್ಮ ಶಾಸ್ತ್ರಕ್ಕೆ ದೂರವೆಂದು ತೋರುವ ಒಂದು ಭೌತಿಕ ವಿದ್ಯಮಾನದ ಪರಿಚಯವಾಯಿತು. ಎಲೆಕ್ಟ್ರಾನುಗಳ ಧಾರೆಯನ್ನು ಘನವಸ್ತುವಿನ ಮೇಲೆ ಹಾಯಿಸಿದರೆ ಆ ವಸ್ತು ತಾನೇ ಬೆಳಕನ್ನು ಸೂಸುತ್ತದೆ. ಇದನ್ನು ಕ್ಯಾಥೋಡ್ ಸಂದೀಪ್ತಿ ಎಂದು ಕರೆಯಬಹುದು. ಈ ಬೆಳಕು ಶಿಲೆಗಳ ಕಾಲನಿರ್ಣಯದಲ್ಲಿ ವಹಿಸುವ ಪಾತ್ರ, ಇತಿಹಾಸಕಾರನು ದಾಖಲೆಯನ್ನು ಪರೀಕ್ಷಿಸುವ ಕ್ರಮಕ್ಕೆ ಅತಿ ಸಮೀಪವಾದುದು. ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯವನ್ನು ಕುರಿತು ಬರೆಯುವ ಸಾಹಸಕ್ಕೆ ಇದೇ ಕಾರಣ. ವಿಜ್ಞಾನದ ಅಧ್ಯಾಪಕ ಮಿತ್ರರಿಗೆ ಇಲ್ಲಿನ ಭೌತಶಾಸ್ತ್ರ ಹೊಸದಲ್ಲ. ಅದರಿಂದ ಹೊರಡುವ ವಿಚಾರ ಉಭಯರಿಗೂ ಉಪಯುಕ್ತವಾದೀತೆಂದು ನಂಬಿದ್ದೇವೆ.

ವಿದ್ಯಮಾನದ ಪರಿಚಯ

ಹೆಸರು ಹೊಸದಾದರೂ ಈ ಬೆಳಕು ನಮಗೆ ಹೊಸದಲ್ಲ. ಈಗ ಮನೆಗಳಿಂದ ಬಹುಮಟ್ಟಿಗೆ ಮರೆಯಾಗಿರುವ ಹಳೆಯ ಟೆಲಿವಿಷನ್ ಪೆಟ್ಟಿಗೆಯನ್ನು ನೆನೆಯಬಹುದು. ಅದರ ಗಾಜಿನ ನಳಿಗೆಯ ಹಿಂದಣ ಕೊನೆಯಲ್ಲಿ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು, ಹಲವು ಸಾವಿರ ವೋಲ್ಟುಗಳ ಸೆಳೆತಕ್ಕೆ ಸಿಕ್ಕಿ, ಮುಂದಣ ಗಾಜಿನ ಒಳಮೈಗೆ ಲೇಪಿಸಿದ ಪುಡಿಯನ್ನು ಬಡಿಯುತ್ತಿದ್ದವು. ಬಡಿದ ಎಡೆಯಲ್ಲಿ ಬೆಳಕು ಹುಟ್ಟುತ್ತಿತ್ತು. ೧೯೫೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ೧೯೭೦ರಲ್ಲಿ ಕಪ್ಪುಬಿಳುಪು ಚಿತ್ರನಳಿಗೆಗಳ ತಯಾರಿಕೆಗೆ ತೊಡಗಿತು. ೧೯೭೫-೭೬ರಲ್ಲಿ ಉಪಗ್ರಹದ ಮೂಲಕ ನಡೆದ ಶೈಕ್ಷಣಿಕ ಟೆಲಿವಿಷನ್ ಪ್ರಯೋಗದ ಕಾಲದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಸಂಜೆಯ ಹೊತ್ತು ಒಟ್ಟಾಗಿ ಕುಳಿತು ನೋಡಿದುದು ಇದೇ ಬೆಳಕನ್ನು.

ಇದರ ಶೋಧದ ಚರಿತ್ರೆ ಹತ್ತೊಂಬತ್ತನೆಯ ಶತಮಾನದ ನಡುವಿಗೆ ಹೋಗುತ್ತದೆ. ಗಾಳಿಯನ್ನು ಬಹುಪಾಲು ಹೊರಗೆಳೆದ ಗಾಜಿನ ನಳಿಗೆಯಲ್ಲಿ ವಿದ್ಯುತ್ತನ್ನು ಹರಿಯಿಸಿದಾಗ ಗಾಜಿನ ಗೋಡೆ ಹಸುರಾಗಿ ಬೆಳಗುವುದನ್ನು ೧೮೫೮ರ ಸುಮಾರಿಗೆ ಜರ್ಮನಿಯ ಪ್ಲ್ಯೂಕರ್ ಗಮನಿಸಿದನು. ೧೮೭೬ರಲ್ಲಿ ಗೋಲ್ಡ್‌ಸ್ಟೈನ್ ಈ ಅದೃಶ್ಯ ಧಾರೆಗೆ ಕ್ಯಾಥೋಡ್ ಕಿರಣಗಳೆಂಬ ಹೆಸರಿತ್ತನು. ೧೮೭೯ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ರೂಕ್ಸ್ ವಜ್ರ, ಮಾಣಿಕ್ಯ ಮೊದಲಾದ ಖನಿಜಗಳನ್ನು ನಳಿಗೆಯೊಳಗಿಟ್ಟು, ಅವು ತಮ್ಮತಮ್ಮ ಬಣ್ಣದ ಬೆಳಕನ್ನು ಸೂಸುವುದನ್ನು ಸಭೆಯ ಮುಂದೆ ಪ್ರದರ್ಶಿಸಿದನು. ಆ ಕಿರಣಗಳು ಋಣ ವಿದ್ಯುತ್ತನ್ನು ಹೊತ್ತ ಅತಿ ಸೂಕ್ಷ್ಮ ಕಣಗಳೆಂದು ೧೮೯೭ರಲ್ಲಿ ಜೆ. ಜೆ. ಥಾಮ್ಸನ್ ಸ್ಥಾಪಿಸಿದನು. ಅದೇ ವರ್ಷ ಫರ್ಡಿನಂಡ್ ಬ್ರೌನ್ ಈ ಧಾರೆಯನ್ನು ಬೇಕಾದತ್ತ ಬಾಗಿಸಿ ತೆರೆಯ ಮೇಲೆ ಗೆರೆ ಬರೆಯಿಸುವ ನಳಿಗೆಯನ್ನು ರಚಿಸಿದನು. ಎಲೆಕ್ಟ್ರಾನಿನ ಸ್ವರೂಪ ತಿಳಿಯುವ ಮೊದಲೇ ಅದು ಕಲ್ಲಿನಲ್ಲಿ ಹುಟ್ಟಿಸುವ ಬೆಳಕು ತಿಳಿದಿದ್ದಿತೆಂಬುದು ಗಮನಾರ್ಹ.

ಬೆಳಕು ಹುಟ್ಟುವ ಬಗೆ

ಘನವಸ್ತುವಿನೊಳಗಣ ಎಲೆಕ್ಟ್ರಾನುಗಳು ಮನಬಂದ ಶಕ್ತಿಯಲ್ಲಿ ಇರಲಾರವು. ಅವುಗಳಿಗೆ ಕೆಳಗೊಂದು ನೆಲೆ, ಮೇಲೊಂದು ನೆಲೆ ಉಂಟು. ನಡುವೆ ಎಲೆಕ್ಟ್ರಾನುಗಳು ನಿಲ್ಲಲಾಗದ ಒಂದು ಅಂತರ ಇರುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಕೆಳನೆಲೆ ತುಂಬಿರುತ್ತದೆ, ಮೇಲಿನದು ಬರಿದಾಗಿರುತ್ತದೆ. ಹೊರಗಿನಿಂದ ಬಂದ ವೇಗದ ಎಲೆಕ್ಟ್ರಾನು ವಸ್ತುವನ್ನು ಹೊಕ್ಕಾಗ, ದಾರಿಯುದ್ದಕ್ಕೂ ಕೆಳನೆಲೆಯ ಎಲೆಕ್ಟ್ರಾನುಗಳನ್ನು ಮೇಲಕ್ಕೆ ಎಬ್ಬಿಸುತ್ತ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹತ್ತು ಇಪ್ಪತ್ತು ಸಾವಿರ ವೋಲ್ಟುಗಳ ಸೆಳೆತದಿಂದ ಬಂದ ಒಂದೇ ಎಲೆಕ್ಟ್ರಾನು ಹೀಗೆ ನೂರಾರು, ಕೆಲವು ವಸ್ತುಗಳಲ್ಲಿ ಸಾವಿರಕ್ಕೂ ಮಿಕ್ಕು ಎಲೆಕ್ಟ್ರಾನುಗಳನ್ನು ಎಬ್ಬಿಸಬಲ್ಲುದು. ಅದು ಹೊಗುವ ಆಳ ಮಾತ್ರ ಬಹು ಸ್ವಲ್ಪ: ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಿಂದ ಕೆಲವು ಭಾಗಗಳಷ್ಟು.

ಮೇಲೆದ್ದ ಎಲೆಕ್ಟ್ರಾನು ಅಲ್ಲಿಯೇ ಉಳಿಯದೆ ಕೆಳಗಿನ ತೆರವಿಗೆ ಮರಳಿ ಬೀಳುತ್ತದೆ. ಬೀಳುವಾಗ ಬಿಟ್ಟುಕೊಟ್ಟ ಶಕ್ತಿ ಒಮ್ಮೆ ಬೆಳಕಾಗಿ, ಒಮ್ಮೆ ಬರಿಯ ಶಾಖವಾಗಿ ಹೊರಡುತ್ತದೆ. ಏತದ ಸಾಮ್ಯದಿಂದ ಇದು ಸ್ಪಷ್ಟವಾದೀತು. ಬಾವಿಯಿಂದ ಮೇಲೆತ್ತಿದ ನೀರನ್ನು ಬಿಟ್ಟರೆ ಅದು ತಿರುಗಿ ಕೆಳಗೆ ಬಿದ್ದೇ ಬೀಳುತ್ತದೆ. ನೇರವಾಗಿ ಬಿದ್ದರೆ ಒಂದು ಸದ್ದು, ನಡುವೆ ಚಾಚಿದ ಕಲ್ಲುಮೆಟ್ಟಿಲ ಮೇಲೆ ಬಿದ್ದು ಇಳಿದರೆ ಬೇರೊಂದು ಸದ್ದು, ಗೋಡೆಯ ಬಿರುಕಿನಲ್ಲಿ ಜಿನುಗಿ ಇಳಿದರೆ ಸದ್ದೇ ಇಲ್ಲ. ಘನವಸ್ತುವಿನಲ್ಲಿ ಈ ಮೆಟ್ಟಿಲುಗಳ ಸ್ಥಾನದಲ್ಲಿರುವುದು ಅತ್ಯಲ್ಪ ಪ್ರಮಾಣದಲ್ಲಿ ಬೆರೆತ ಅನ್ಯ ಧಾತುಗಳು ಮತ್ತು ಹರಳಿನ ಕಟ್ಟಿನಲ್ಲಿರುವ ದೋಷಗಳು.

ಆದುದರಿಂದ ಬೆಳಕಿನ ಬಣ್ಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ವಸ್ತುವಿನ ಮುಖ್ಯಾಂಶವಲ್ಲ, ಅದರಲ್ಲಿ ಸೇರಿರುವ ಕಿಂಚಿತ್ತು. ಚಿತ್ರನಳಿಗೆಯ ಸತುವಿನ ಸಲ್ಫೈಡಿಗೆ ಚೂರು ಬೆಳ್ಳಿಯನ್ನು ಬೆರೆಸಿದರೆ ನೀಲಿ, ತಾಮ್ರವನ್ನು ಬೆರೆಸಿದರೆ ಹಸುರು ಬೆಳಕು ಬರುತ್ತಿತ್ತು. ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನಲ್ಲಿ ಮ್ಯಾಂಗನೀಸಿನ ಲೇಶವಿದ್ದರೆ ಅದು ಕಿತ್ತಳೆಗೆಂಪಾಗಿ ಬೆಳಗುತ್ತದೆ. ಅದೇ ಕ್ಯಾಲ್ಸೈಟಿನಲ್ಲಿ ಕಬ್ಬಿಣ ಹೆಚ್ಚಾದರೆ ಬೆಳಕು ಕುಂದುತ್ತದೆ. ಕಬ್ಬಿಣವು ಮೇಲಿನ ಸಾಮ್ಯದ ಗೋಡೆಯ ಬಿರುಕಿನಂತೆ ವರ್ತಿಸುತ್ತದೆ. ಬರಿಗಣ್ಣಿಗೆ ಏಕರೂಪವಾಗಿ ತೋರುವ ಹರಳು ಎಲೆಕ್ಟ್ರಾನ್ ಧಾರೆಯಲ್ಲಿ ಪಟ್ಟೆಪಟ್ಟೆಯಾಗಿ ಕಾಣುವುದಕ್ಕೆ ಇದು ಕಾರಣ. ಹರಳು ಬೆಳೆಯುತ್ತಿದ್ದಾಗ ಸುತ್ತಣ ದ್ರವದ ಸಂಯೋಜನೆ ಬದಲಾದಂತೆಲ್ಲ ಒಂದೊಂದು ಪದರದಲ್ಲಿ ಒಂದೊಂದು ಪ್ರಮಾಣದ ಕಲ್ಮಷ ಸೇರಿರುತ್ತದೆ.

ಹರಳಿನೊಳಗಣ ಇಂಥ ವಿನ್ಯಾಸಗಳ ಅಧ್ಯಯನ ನಮ್ಮ ನಾಡಿಗೆ ಅಪರಿಚಿತವಲ್ಲ. ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ ೧೯೪೦ರ ದಶಕದಲ್ಲಿ ವಜ್ರಗಳನ್ನು ಕುರಿತು ನಡೆಯಿಸಿದ ಸಂಶೋಧನೆಗಳಲ್ಲಿ ವಜ್ರದ ಸಂದೀಪ್ತಿಯೂ ಒಂದು. ಅಲ್ಲಿ ವಜ್ರವನ್ನು ಪ್ರಚೋದಿಸಿದುದು ಎಲೆಕ್ಟ್ರಾನ್ ಧಾರೆಯಲ್ಲ, ಅತಿನೇರಿಳೆ ಬೆಳಕು. ಆದರೂ ಒಂದೇ ಹರಳಿನ ಬೇರೆಬೇರೆ ಭಾಗಗಳು ಬೇರೆಬೇರೆಯಾಗಿ ಬೆಳಗಿ ಅದರ ಒಳರಚನೆಯನ್ನು ಹೊರಗೆಡಹುತ್ತವೆಂಬ ತತ್ತ್ವ ಎರಡರಲ್ಲಿಯೂ ಸಮಾನ.

ಜಿರ್ಕಾನ್ ಎಂಬ ದಾಖಲೆ

ಈಗ ಕಾಲನಿರ್ಣಯದ ವಿಷಯಕ್ಕೆ ಬರೋಣ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಜಿರ್ಕಾನ್ ಎಂಬ ಖನಿಜದ ಹರಳುಗಳು ಅಲ್ಲಲ್ಲಿ ಅಡಗಿರುತ್ತವೆ. ಇವುಗಳ ಉದ್ದ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ. ರಾಗಿಯ ಕಾಳಿಗಿಂತ ಎಷ್ಟೋ ಚಿಕ್ಕವು. ಜಿರ್ಕಾನ್ ಹುಟ್ಟುವಾಗ ತನ್ನೊಳಕ್ಕೆ ಯುರೇನಿಯಮ್ಮನ್ನು ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಯುರೇನಿಯಮ್ ಮಾತ್ರ ಕ್ರಮೇಣ ಕ್ಷಯಿಸಿ ಸೀಸವಾಗುತ್ತ ಹೋಗುತ್ತದೆ. ಅದರ ಒಂದು ಬಗೆಯಲ್ಲಿ ಅರ್ಧಭಾಗ ಕ್ಷಯಿಸಲು ಸುಮಾರು ೪೪೭ ಕೋಟಿ ವರ್ಷಗಳೂ ಇನ್ನೊಂದು ಬಗೆಯಲ್ಲಿ ಸುಮಾರು ೭೦ ಕೋಟಿ ವರ್ಷಗಳೂ ಬೇಕು. ಆದುದರಿಂದ ಹರಳಿನಲ್ಲಿ ಈಗ ಕಾಣುವ ಸೀಸದ ಬಗೆಗಳನ್ನೂ ಯುರೇನಿಯಮ್ಮನ್ನೂ ಅಳೆದರೆ, ಹರಳು ಹುಟ್ಟಿದ ಕಾಲವನ್ನು ಎರಡು ಗಡಿಯಾರಗಳಿಂದ ಏಕಕಾಲಕ್ಕೆ ನೋಡಿದಂತಾಗುತ್ತದೆ.

ಜಿರ್ಕಾನ್ ಬಹು ಗಟ್ಟಿ ಜೀವದ ಖನಿಜ. ಸುತ್ತಣ ಶಿಲೆ ಸವೆದು ಮರಳಾದರೂ ಅದು ಉಳಿಯುತ್ತದೆ, ಶಿಲೆ ಭೂಗರ್ಭಕ್ಕಿಳಿದು ಕಾದು ಬೇರೆ ರೂಪ ತಾಳಿದರೂ ಅನೇಕ ವೇಳೆ ಉಳಿಯುತ್ತದೆ. ಹಾಗೆ ಕಾದಾಗ ಹಳೆಯ ಹರಳಿನ ಸುತ್ತ ಹೊಸ ಪದರ ಬೆಳೆಯುವುದುಂಟು. ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್ ಎಂಬಲ್ಲಿ ಸಿಕ್ಕ ಒಂದು ಹರಳಿನ ಭಾಗ ಸುಮಾರು ೪೪೦ ಕೋಟಿ ವರ್ಷ ಹಳೆಯದೆಂದು ೨೦೦೧ರಲ್ಲಿ ಪ್ರಕಟವಾಯಿತು. ಆ ಹರಳು ದೊರೆತುದಾದರೋ ಅದಕ್ಕಿಂತ ಎಷ್ಟೋ ಈಚೆಗೆ ಕಟ್ಟಿಕೊಂಡ ಶಿಲೆಯಲ್ಲಿ. ಹಳೆಯ ದೇವಾಲಯದ ಕಂಬವನ್ನು ತಂದು ಹೊಸ ಮಂಟಪಕ್ಕೆ ನಿಲ್ಲಿಸಿದಂತೆ ಪ್ರಕೃತಿಯೂ ಮಾಡುತ್ತದೆಂದು ತಿಳಿಯಬೇಕು.

ಕಬ್ಬಾಳದುರ್ಗದ ನಿದರ್ಶನ

ಇದಕ್ಕೆ ನಮ್ಮ ಸಮೀಪದಲ್ಲಿಯೇ ಪ್ರಸಿದ್ಧವಾದ ನಿದರ್ಶನವಿದೆ. ಹಳೆಯ ಮೈಸೂರು ಸೀಮೆಯ ಬಹುಭಾಗದಲ್ಲಿ ನೆಲದ ತಳಹದಿಯಾಗಿರುವ ನೈಸ್ ಶಿಲೆಗೆ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ೧೯೧೬ರಲ್ಲಿ ಪರ್ಯಾಯದ್ವೀಪದ ನೈಸ್ ಎಂದು ಹೆಸರಿಟ್ಟನು. ಅದನ್ನು ಸೀಳಿಕೊಂಡು ಉತ್ತರ ದಕ್ಷಿಣವಾಗಿ ಹಬ್ಬಿದ ಗ್ರಾನೈಟಿಗೆ, ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಬಂದಿದೆ. ಬಿ. ಪಿ. ರಾಧಾಕೃಷ್ಣ ಅವರು ೧೯೫೬ರಲ್ಲಿ ಅದನ್ನು ಕುರಿತು ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದರು. ಈ ಗ್ರಾನೈಟಿನ ಕಾಲ ಸುಮಾರು ೨೫೧ ಕೋಟಿ ವರ್ಷಗಳೆಂದು ಜಿರ್ಕಾನಿನಿಂದ ತಿಳಿದುಬಂದಿದೆ.

ಕನಕಪುರದ ಕಡೆಯ ಕಬ್ಬಾಳದುರ್ಗವು ಇತಿಹಾಸದ ವಿದ್ಯಾರ್ಥಿಗಳಿಗೆ ಮೈಸೂರು ಅರಸರ ಕಾಲದ ಸೆರೆಯ ದುರ್ಗವಾಗಿ ಪರಿಚಿತ. ಭೂವಿಜ್ಞಾನಿಗಳಿಗೆ ಅದು ಬೇರೊಂದು ಕಾರಣದಿಂದ ಪರಿಚಿತವಾಗಿದೆ. ಅಲ್ಲಿನ ಕಲ್ಲುಗಣಿಯಲ್ಲಿ ಬೂದುಬಣ್ಣದ ನೈಸಿನ ನಡುವೆ ಕಪ್ಪಾದ, ಜಿಡ್ಡುಹೊಳಪಿನ ಚಾರ್ನಕೈಟ್ ಶಿಲೆಯ ತೇಪೆಗಳಿವೆ. ಕಲ್ಕತ್ತೆಯ ಜಾಬ್ ಚಾರ್ನಕನ ಸಮಾಧಿಯ ಕಲ್ಲು ಈ ಜಾತಿಯದಾಗಿದ್ದುದರಿಂದ ಹಾಲೆಂಡ್ ಎಂಬ ಭೂವಿಜ್ಞಾನಿ ಈ ಶಿಲೆಗೆ ಅವನ ಹೆಸರನ್ನಿಟ್ಟನು. ಕಬ್ಬಾಳದಲ್ಲಿ ನೈಸ್ ಇದ್ದೆಡೆಯಲ್ಲಿಯೇ ಚಾರ್ನಕೈಟಾಗಿ ಮಾರ್ಪಡುತ್ತಿದ್ದುದು ಕಲ್ಲಿನಲ್ಲಿ ಅಚ್ಚೊತ್ತಿ ನಿಂತಿದೆಯೆಂಬುದನ್ನು ಸಿ. ಎಸ್. ಪಿಚ್ಚಮುತ್ತು ಅವರು ೧೯೬೦ರಲ್ಲಿ ಜಗತ್ತಿನ ಗಮನಕ್ಕೆ ತಂದರು.

೧೯೮೦ ಮತ್ತು ೧೯೯೦ರ ದಶಕಗಳಲ್ಲಿ ಆ ಗಣಿಯ ಜಿರ್ಕಾನ್ ಹರಳುಗಳನ್ನು ಅಳೆದಾಗ ಎರಡು ಕಾಲಗಳು ದೊರೆತವು. ಮೂಲ ಶಿಲೆ ಹುಟ್ಟಿದುದು ಈಗ್ಗೆ ಸುಮಾರು ೩೦೦ ಕೋಟಿ ವರ್ಷಗಳ ಹಿಂದೆ. ಅದು ಕಾದು ಮಾರ್ಪಟ್ಟುದು ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ, ಕ್ಲೋಸ್‌ಪೇಟೆಯ ಗ್ರಾನೈಟು ಮೇಲೆದ್ದ ಕಾಲಕ್ಕೆ ಹೊಂದಿಕೊಂಡು. ಎರಡು ಘಟನೆಗಳ ನಡುವಣ ಅವಧಿಯೇ ಸುಮಾರು ೫೦ ಕೋಟಿ ವರ್ಷ.

ಇಂಥ ಶಿಲೆಯಿಂದ ಹರಳೊಂದನ್ನು ತೆಗೆದು, ಅದನ್ನು ಇಡಿಯಾಗಿ ಕರಗಿಸಿ ಅಳೆದರೆ ಏನಾದೀತು? ತಿರುಳು ಮುನ್ನೂರು ಕೋಟಿಯದು, ಹೊರಪದರ ಇನ್ನೂರೈವತ್ತು ಕೋಟಿಯದು ಆಗಿದ್ದಲ್ಲಿ, ಉತ್ತರ ಎರಡರ ನಡುವಣ ಯಾವುದೋ ಒಂದು ಸಂಖ್ಯೆ. ಆ ಸಂಖ್ಯೆ ಸೂಚಿಸುವ ಕಾಲದಲ್ಲಿ ಆ ಕಲ್ಲಿಗೆ ಏನೂ ಸಂಭವಿಸಿರಲಿಲ್ಲ. ಎರಡು ಗಡಿಯಾರಗಳ ಲೆಕ್ಕ ಹೊಂದದೆ ಇದ್ದು ಅನೇಕ ವೇಳೆ ಎಚ್ಚರಿಕೆ ದೊರೆಯುತ್ತದೆ, ನಿಜ. ಆದರೆ ತಪ್ಪು ಎಲ್ಲಿದೆಯೆಂದು ತೋರಿಸಲು ಹರಳಿನ ಒಳಗನ್ನು ನೋಡಲೇಬೇಕು. ಅಳತೆ ಎಷ್ಟೇ ನಿಖರವಾಗಿರಲಿ, ಬೆರೆತುದನ್ನು ಬೆರೆತುದೆಂದು ತಿಳಿಯದೆ ಅಳೆದರೆ ದೊರೆಯುವುದು ನಿಖರವಾದ ಅಸತ್ಯ.

ಮೊದಲು ನೋಡುವುದು, ಆಮೇಲೆ ಅಳೆಯುವುದು

ಇಲ್ಲಿಯೇ ಎಲೆಕ್ಟ್ರಾನ್ ಧಾರೆಯ ಉಪಯೋಗ. ತೆಳುವಾಗಿ ಅರೆದ ಶಿಲೆಯನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ಎಲೆಕ್ಟ್ರಾನುಗಳಿಂದ ಬೆಳಗಿಸಿ ನೋಡುವ ಕ್ರಮವನ್ನು ೧೯೬೫ರಲ್ಲಿ ಕೇಂಬ್ರಿಜ್ಜಿನ ಲಾಂಗ್ ಮತ್ತು ಆಗ್ರೆಲ್ ಎಂಬವರು ವಿವರಿಸಿದರು. ಈಗ ಜಿರ್ಕಾನಿನ ಮಟ್ಟಿಗೆ ರೂಢಿಯಲ್ಲಿರುವ ಕ್ರಮ ಹೀಗಿದೆ. ಶಿಲೆಯನ್ನು ಪುಡಿಮಾಡಿ, ತೂಕದ ಭೇದದಿಂದ ಜಿರ್ಕಾನನ್ನು ಬೇರ್ಪಡಿಸುತ್ತಾರೆ. ಹರಳುಗಳನ್ನು ರಾಳದ ಬಿಲ್ಲೆಯಲ್ಲಿ ಕೂರಿಸಿ, ಅವುಗಳ ನಡುಭಾಗ ಕಾಣುವವರೆಗೆ ಉಜ್ಜಿ ನಯಗೊಳಿಸುತ್ತಾರೆ. ಬಳಿಕ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನಿರ್ವಾತ ಕೋಣೆಯಲ್ಲಿಟ್ಟು, ಧಾರೆಯನ್ನು ಸಾಲುಸಾಲಾಗಿ ಹಾಯಿಸಿ, ಹೊರಡುವ ಬೆಳಕನ್ನು ಹಿಡಿದು ಚಿತ್ರ ರಚಿಸುತ್ತಾರೆ.

ಆ ಚಿತ್ರದಲ್ಲಿ ಹರಳಿನ ಜೀವನಚರಿತ್ರೆ ಮೂಡುತ್ತದೆ. ಜಿರ್ಕಾನಿನ ಬೆಳಕಿಗೆ ಡಿಸ್ಪ್ರೋಸಿಯಮ್ ಎಂಬ ವಿರಳ ಧಾತುವಿನ ಲೇಶ ಮುಖ್ಯ ಕಾರಣ. ಯುರೇನಿಯಮ್ ಹೆಚ್ಚಾಗಿರುವ ಪದರಗಳು ಸಾಮಾನ್ಯವಾಗಿ ಕಪ್ಪಾಗಿ ತೋರುತ್ತವೆ. ಕರಗಿದ ಶಿಲೆಯಲ್ಲಿ ನಿಧಾನವಾಗಿ ಬೆಳೆದ ಹರಳಿನಲ್ಲಿ ಮರದ ಉಂಗುರಗಳಂಥ ಸೂಕ್ಷ್ಮ ಪಟ್ಟೆಗಳು ಒಂದರ ಸುತ್ತ ಒಂದು ಕಾಣುತ್ತವೆ. ಕೆಲವು ಹರಳುಗಳ ನಡುವೆ, ಅಂಚುಗಳು ಸವೆದು ದುಂಡಾದ ಹಳೆಯ ತಿರುಳೊಂದು ಕುಳಿತಿದ್ದು, ಅದರ ಪಟ್ಟೆಗಳನ್ನು ಕತ್ತರಿಸಿಕೊಂಡು ಹೊಸ ಪಟ್ಟೆಗಳು ಸುತ್ತುವರಿದಿರುತ್ತವೆ. ಶಿಲೆ ಕಾದ ಕಾಲದಲ್ಲಿ ಬೆಳೆದ ಹೊರಪದರದಲ್ಲಿ ಅನೇಕ ವೇಳೆ ಪಟ್ಟೆಗಳೇ ಇರುವುದಿಲ್ಲ. ಈ ನಕ್ಷೆಯನ್ನು ಮುಂದಿಟ್ಟುಕೊಂಡು ಎಲ್ಲಿ ಅಳೆಯಬೇಕೆಂಬುದನ್ನು ನಿರ್ಧರಿಸುತ್ತಾರೆ. ೧೯೮೦ರ ಸುಮಾರಿನಿಂದ ಆಸ್ಟ್ರೇಲಿಯದ ಕ್ಯಾನ್‌ಬೆರದಲ್ಲಿ ಬಳಕೆಗೆ ಬಂದ ಅಯಾನು ಯಂತ್ರದಂಥ ಸಾಧನಗಳು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗದಷ್ಟು ಚಿಕ್ಕ ಚುಕ್ಕೆಯನ್ನು ಅಳೆಯಬಲ್ಲವಾದುದರಿಂದ ತಿರುಳನ್ನೂ ಅಂಚನ್ನೂ ಬೇರೆಬೇರೆಯಾಗಿ ಪ್ರಶ್ನಿಸುವುದು ಸಾಧ್ಯವಾಗಿದೆ.

ಇದನ್ನು ಓದುವಾಗ ನಮಗೆ ನೆನಪಾದುದು ತಾಮ್ರಶಾಸನಗಳ ವಿವಾದ. ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಕುರಿತು ಜೆ. ಎಫ್. ಫ್ಲೀಟ್ ಅವರು, ಪಟದಲ್ಲಿ ಬರೆದಿರುವ ಕಾಲಕ್ಕೂ ಅದರ ಅಕ್ಷರಗಳ ರೂಪಕ್ಕೂ ಹೊಂದಿಕೆಯಿಲ್ಲವೆಂದು ತೋರಿಸಿ, ಅವು ಕೂಟಶಾಸನಗಳೆಂದು ವಾದಿಸಿದರು. ೧೯೦೪ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ಹೊರತಂದ ಬಿ. ಎಲ್. ರೈಸ್ ಅವರು ಗಂಗರ ಪಟಗಳಲ್ಲಿ ಹೆಚ್ಚು ವಿಶ್ವಾಸವಿಟ್ಟಿದ್ದರು. ಒಂದೊಂದು ಪಟದ ವಿಷಯದಲ್ಲಿ ಯಾರ ಪಕ್ಷ ಸರಿಯೆಂಬುದು ಇಲ್ಲಿ ಅಪ್ರಸ್ತುತ. ಆ ವಿವಾದದಿಂದ ನಮ್ಮ ಶಾಸ್ತ್ರಕ್ಕೆ ದಕ್ಕಿದ ಪಾಠ ಮಾತ್ರ ಪ್ರಸ್ತುತ: ದಾಖಲೆ ಹೇಳುವ ತೇದಿಯನ್ನು ಸ್ವೀಕರಿಸುವ ಮೊದಲು ದಾಖಲೆಯ ಕಟ್ಟನ್ನು ನೋಡಬೇಕು. ಮೂಲ ಯಾವುದು, ಸೇರಿಸಿದುದು ಯಾವುದು ಎಂಬ ವಿವೇಚನೆ ತೇದಿಗಿಂತ ಮೊದಲಿನದು.

ಮಿತಿಗಳು

ಈ ಸಾಧನದ ಮಿತಿಗಳನ್ನೂ ಹೇಳಬೇಕು. ಬೆಳಕು ತಾನಾಗಿ ಕಾಲವನ್ನು ಹೇಳುವುದಿಲ್ಲ. ಕಪ್ಪು ಪದರ ಹಳೆಯದು, ಬಿಳಿಯದು ಹೊಸದು ಎಂಬ ನಿಯಮವಿಲ್ಲ; ಅದು ಧಾತುಗಳ ಹಂಚಿಕೆಯನ್ನು ಮಾತ್ರ ತೋರಿಸುತ್ತದೆ. ಯುರೇನಿಯಮ್ಮಿನ ವಿಕಿರಣದಿಂದಲೇ ಕಟ್ಟು ಮುರಿದ ಹರಳುಗಳು ಬೆಳಗುವುದೇ ಇಲ್ಲ. ಎಲೆಕ್ಟ್ರಾನ್ ಧಾರೆ ಮೇಲ್ಮೈಯ ಸಮೀಪವನ್ನಷ್ಟೇ ಬೆಳಗಿಸುವುದರಿಂದ, ಅಳತೆಯ ಚುಕ್ಕೆ ಆಳಕ್ಕಿಳಿದಾಗ ಕಾಣದ ಪದರವೊಂದನ್ನು ತಾಕುವ ಸಂಭವವೂ ಉಂಟು. ಲಿಪಿಶಾಸ್ತ್ರವೂ ಹೀಗೆಯೇ ಅಲ್ಲವೆ? ಅಕ್ಷರದ ರೂಪ ಶಾಸನಗಳ ಪೂರ್ವಾಪರವನ್ನು ಸೂಚಿಸುತ್ತದೆ, ನಿಶ್ಚಿತವಾದ ವರ್ಷವನ್ನು ಬೇರೆ ಆಧಾರದಿಂದಲೇ ಪಡೆಯಬೇಕಾಗುತ್ತದೆ.

ಇನ್ನೊಂದು ಮಾತು. ಎಲ್ಲಿಂದ ಬಂದುದೆಂದು ತಿಳಿಯದ ಶಾಸನ ಅರ್ಧ ಮೂಕವಾದಂತೆ, ನೆಲೆ ತಿಳಿಯದ ಕಲ್ಲೂ ಅರ್ಧ ಮೂಕ. ನೈಸಿನ ಯಾವ ಮಡಿಕೆಯಲ್ಲಿ ಚಾರ್ನಕೈಟು ನುಗ್ಗಿದೆಯೆಂಬುದನ್ನು ಇದ್ದೆಡೆಯಲ್ಲಿ ನೋಡದೆ ಹೋಗಿದ್ದರೆ ಕಬ್ಬಾಳದ ಹರಳುಗಳ ಎರಡು ಕಾಲಗಳು ಬರಿಯ ಎರಡು ಸಂಖ್ಯೆಗಳಾಗಿ ಉಳಿಯುತ್ತಿದ್ದವು. ಬಂಡೆಗಳು ಜಲ್ಲಿಯಾಗಿ ಲಾರಿಯೇರುತ್ತಿರುವ ನಮ್ಮ ಜಿಲ್ಲೆಗಳಲ್ಲಿ, ಊರ ಬಂಡೆಯ ಸ್ಥಳವನ್ನೂ ಸ್ವರೂಪವನ್ನೂ ಗುರುತು ಹಾಕಿಡುವ ಕೆಲಸ ಕಾಲೇಜುಗಳಿಂದ ಆಗತಕ್ಕದ್ದು. ವೀರಗಲ್ಲು, ಶಾಸನಗಳ ಪಟ್ಟಿ ಮಾಡುವ ವಿದ್ಯಾರ್ಥಿಗಳಿಗೆ ಇದು ಹೆಚ್ಚಿನ ಹೊರೆಯಾಗಲಾರದು.

ಈಗ ಕೊತ್ತಗೆರೆಯ ಏರಿಗೆ ಮರಳೋಣ. ವಿದ್ಯಾರ್ಥಿನಿ ಕೈಯಿಟ್ಟ ಕಲ್ಲಿಗೆ ಒಂದು ಕಾಲವಿಲ್ಲ, ಹಲವು ಕಾಲಗಳಿವೆ. ಅದರೊಳಗಣ ಹರಳುಗಳು ಹುಟ್ಟಿದ ಕಾಲ ಒಂದು, ಅವುಗಳ ಸುತ್ತ ಹೊಸ ಪದರ ಬೆಳೆದಿದ್ದಲ್ಲಿ ಆ ಕಾಲ ಮತ್ತೊಂದು. ಕಲ್ಲುಕುಟಿಗರು ಬಂಡೆಯಿಂದ ಸೀಳಿ ತೆಗೆದ ಕಾಲ, ಅದನ್ನು ಏರಿಗೆ ಹೊದಿಸಿದ ಕಾಲ, ಏರಿ ಒಡೆದಾಗ ತೆಗೆದು ಮತ್ತೆ ಕೂರಿಸಿದ ಕಾಲ ಇವು ಇತಿಹಾಸದ ಪಾಲಿನವು. ಮೊದಲಿನವು ಕೋಟಿಗಳ ಲೆಕ್ಕದವು, ಕಡೆಯವು ನೂರುಗಳ ಲೆಕ್ಕದವು. ವಿಧಾನದಲ್ಲಿ ಮಾತ್ರ ಭೇದವಿಲ್ಲ. "ಇದರ ಕಾಲ ಯಾವುದು?" ಎಂಬ ಪ್ರಶ್ನೆಗೆ ಉತ್ತರ ಕೊಡುವ ಮುನ್ನ "ಇದರ ಯಾವ ಘಟನೆಯ ಕಾಲ?" ಎಂದು ಕೇಳಬೇಕು. ಮುಂದಿನ ವರ್ಷ ಆ ಏರಿಯ ಮೇಲೆ ನಿಂತಾಗ ನಾವು ವಿದ್ಯಾರ್ಥಿಗಳಿಗೆ ಈ ಮರುಪ್ರಶ್ನೆಯನ್ನು ಹೇಳಿಕೊಡುವೆವು. ಅಂದು ಪ್ರಶ್ನೆ ಕೇಳಿದವಳಿಗೆ ಸಲ್ಲಬೇಕಾಗಿದ್ದ ಉತ್ತರ ಅದೇ.